ಮಧ್ಯಬೆನ್ನಿನ ಡಿಸ್ಕ್: ಆಪರೇಷನ್ ಯಾರಿಗೆ ಬೇಕು, ಯಾರಿಗೆ ಬೇಡ

(ದೇವಸ್ಥಾನದ ಆರೋಗ್ಯ ಶಿಬಿರದಲ್ಲಿ ಹಿರಿಯರಿಗಾಗಿ ಮಾಡಿದ ಭಾಷಣದ ಬರಹ ರೂಪ)

ಮಂಗಳಾರತಿ ಆಯಿತು, ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ ಎಂದು ಅಡುಗೆಮನೆಯಿಂದ ಸುದ್ದಿ ಬಂದಿದೆ. ಅಷ್ಟರೊಳಗೆ ಮುಗಿಸುತ್ತೇನೆ. ಕುರ್ಚಿಯಲ್ಲಿ ಕೂತು ಬೆನ್ನು ಹಿಡಿದುಕೊಂಡವರು ಎದ್ದು ನಿಂತು ಕೇಳಬಹುದು, ಗೋಡೆಗೆ ಒರಗಿಕೊಂಡೂ ಕೇಳಬಹುದು. ಇವತ್ತಿನ ವಿಷಯವೇ ಬೆನ್ನು.

ಬೆನ್ನು ಅಂದರೆ ಸೊಂಟವಲ್ಲ, ಕುತ್ತಿಗೆಯೂ ಅಲ್ಲ. ಎರಡು ರೆಕ್ಕೆಮೂಳೆಗಳ ನಡುವಿನಿಂದ ಶುರುವಾಗಿ ಪಕ್ಕೆಲುಬು ಮುಗಿಯುವವರೆಗಿನ ಭಾಗ. ಇಲ್ಲಿನ ಡಿಸ್ಕ್ ತೊಂದರೆ ಅಪರೂಪ. ಅಪರೂಪದ ಕಾಯಿಲೆಯ ಬಗ್ಗೆ ಯಾಕೆ ಭಾಷಣ ಎಂದು ಕೇಳಬಹುದು. ಕಾರಣ ಇದೆ. ನಮ್ಮ ಶಿಬಿರದ ಟೇಬಲ್ಲಿಗೆ ಬೆನ್ನಿನ ಎಂಆರ್‌ಐ ರಿಪೋರ್ಟ್ ಹಿಡಿದು ಬರುವ ಹಿರಿಯರಲ್ಲಿ ಎರಡು ಬಗೆಯವರನ್ನು ನೋಡಿದ್ದೇನೆ. ಒಬ್ಬರು ರಿಪೋರ್ಟಿನಲ್ಲಿ ಡಿಸ್ಕ್ ಎಂಬ ಪದ ಕಂಡ ಕೂಡಲೇ ಕಾಲು ಹೋಯಿತು ಎಂದು ರಾತ್ರಿ ನಿದ್ದೆ ಬಿಟ್ಟವರು. ಅವರಿಗೆ ಆಪರೇಷನ್ ಬೇಕಿಲ್ಲ. ಇನ್ನೊಬ್ಬರು ನಡೆಯುವಾಗ ತೂರಾಡುತ್ತಿದ್ದರೂ ಮಕ್ಕಳಿಗೆ ಹೇಳದೆ, ರಿಟರ್ನ್ ಟಿಕೆಟ್ ದಿನ ಎಣಿಸುತ್ತಾ ಕೂತವರು. ಅವರಿಗೆ ಬೇಗ ಡಾಕ್ಟರು ಬೇಕು. ಮೊದಲನೆಯವರಿಗೆ ಒಂದಿಷ್ಟು ಧೈರ್ಯ ಕೊಡಬೇಕು, ಎರಡನೆಯವರಿಗೆ ಒಂದಿಷ್ಟು ಹೆದರಿಕೆ ಹುಟ್ಟಿಸಬೇಕು. ಇವತ್ತಿನ ಕೆಲಸ ಅಷ್ಟೇ.

ನಾನು ಆಪರೇಷನ್ ಮಾಡುವ ಡಾಕ್ಟರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆಪರೇಷನ್‌ಗೆ ಮುಂಚೆ ಕಳಿಸುವವನು, ಆದಮೇಲೆ ನೋಡಿಕೊಳ್ಳುವವನು. ಹಾಗಾಗಿ ಆಪರೇಷನ್ ಮಾರುವ ಉದ್ದೇಶವೂ ಇಲ್ಲ, ಬೇಡವೆನ್ನುವ ಹಟವೂ ಇಲ್ಲ.

ಬೆನ್ನುಮೂಳೆ ಅಂದರೆ ಒಂದೇ ಮೂಳೆಯಲ್ಲ, ಒಂದರ ಮೇಲೊಂದು ಕೂತ ಮಣಿಗಳ ಸಾಲು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5. ಎದೆಯ ಹಿಂದಿನ ಹನ್ನೆರಡನ್ನು ಊರಿನ ರಿಪೋರ್ಟಿನಲ್ಲಿ ಡಿ ಎಂದು ಬರೆಯುತ್ತಾರೆ, ಇಲ್ಲಿ ಅಮೆರಿಕದಲ್ಲಿ ಟಿ ಎಂದು. ಊರಿನ ಡಿ8 ಅಂದರೆ ಇಲ್ಲಿನ ಟಿ8. ಎರಡು ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ‘ಒಂದು ಕಾಯಿಲೆ ಹೋಗಿ ಇನ್ನೊಂದು ಬಂದಿದೆ’ ಎಂದು ಗಾಬರಿಯಾದವರಿದ್ದಾರೆ. ಅದೂ ಒಂದೇ, ಇದೂ ಒಂದೇ.

ಎರಡು ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಹೋಳಿಗೆಯ ಹಾಗೆ ಅಂದುಕೊಳ್ಳಿ: ಹೊರಗೆ ಗಟ್ಟಿಯಾದ ಕಣಕ, ಒಳಗೆ ಮೆತ್ತನೆಯ ಹೂರಣ. ಲಟ್ಟಿಸುವಾಗ ಕಣಕ ಒಂದು ಕಡೆ ತೆಳ್ಳಗಾಗಿ ಹರಿದರೆ ಹೂರಣ ಹೊರಗೆ ಬರುತ್ತದಲ್ಲ, ಡಿಸ್ಕ್ ಜಾರಿದೆ ಎಂದು ನಾವು ಹೇಳುವುದು ಅದನ್ನೇ. ಇಡೀ ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ. ಎದೆಯ ಹಿಂದಿನ ಮಣಿಗಳಿಗೆ ಪಕ್ಕೆಲುಬುಗಳು ಎರಡೂ ಕಡೆಯಿಂದ ಅಂಟಿಕೊಂಡಿರುವುದರಿಂದ ಅಲ್ಲಿ ಬಾಗು ಬಳುಕು ಕಡಿಮೆ, ಆದ್ದರಿಂದ ಡಿಸ್ಕ್ ಹರಿಯುವುದೂ ಕಡಿಮೆ. ತೊಂದರೆ ಕೊಡುವ ಡಿಸ್ಕ್‌ಗಳನ್ನು ನೂರು ಎಣಿಸಿದರೆ ಮಧ್ಯಬೆನ್ನಿನದು ಒಂದೂ ಪೂರ್ತಿ ಸಿಗುವುದಿಲ್ಲ. ಸಿಕ್ಕರೂ ಹೆಚ್ಚಿನವು ಎಂಟನೆಯ ಮಣಿಯ ಕೆಳಗೆ, ಬಾಗು ಬಳುಕು ಸ್ವಲ್ಪ ಹೆಚ್ಚಿರುವ ಜಾಗದಲ್ಲಿ.

ಹಾಗಾದರೆ ಸೊಂಟದ ಡಿಸ್ಕಿಗಿಂತ ಇದಕ್ಕೆ ಯಾಕೆ ಇಷ್ಟು ಮರ್ಯಾದೆ? ಬೆನ್ನುಮೂಳೆಯ ಒಳಗೆ ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಇದೆ. ಮೂಳೆ ಬೇರೆ, ಹುರಿ ಬೇರೆ. ಹುರಿ ಅಂದರೆ ನರಗಳ ಕಟ್ಟು. ಈ ಹುರಿ ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿದುಹೋಗುತ್ತದೆ. ಅದರ ಕೆಳಗೆ ಇರುವುದು ಬಿಡಿ ನರಗಳು. ಸೊಂಟದಲ್ಲಿ ಡಿಸ್ಕ್ ಚಾಚಿದರೆ ಬಿಡಿ ನರಗಳು ಅತ್ತಿತ್ತ ಸರಿದು ಜಾಗ ಬಿಡುತ್ತವೆ. ಎದೆಯ ಹಿಂದೆ ಹಾಗಲ್ಲ. ಅಲ್ಲಿ ಇಡೀ ಹುರಿಯೇ ಇದೆ, ಸುತ್ತಲಿನ ಜಾಗ ಇಕ್ಕಟ್ಟು, ರಕ್ತದ ಪೂರೈಕೆಯೂ ಬೇರೆ ಕಡೆಗಿಂತ ತೆಳು. ಒತ್ತಿದರೆ ಸರಿಯಲು ಜಾಗವಿಲ್ಲ. ಜೊತೆಗೆ ಈ ಭಾಗದ ಹೂರಣ ಅನೇಕರಲ್ಲಿ ವರ್ಷಗಟ್ಟಲೆ ಅಲ್ಲೇ ಕೂತು ಸುಣ್ಣ ಕಟ್ಟಿ ಕಲ್ಲಾಗಿರುತ್ತದೆ, ಕೆಲವೊಮ್ಮೆ ಹುರಿಯ ಹೊದಿಕೆಗೇ ಅಂಟಿಕೊಂಡಿರುತ್ತದೆ.

ಇಷ್ಟು ಕೇಳಿ ಹೆದರಿದವರಿಗೆ ಈಗ ಧೈರ್ಯದ ಮಾತು. 1995ರಲ್ಲಿ ಇಲ್ಲಿನ ವೈದ್ಯರು ಬೆನ್ನಿನ ಈ ಭಾಗದಲ್ಲಿ ಯಾವ ನೋವೂ ಇಲ್ಲದ 90 ಜನರ ಎಂಆರ್‌ಐ ಪರಿಶೀಲಿಸಿ ಪ್ರಕಟಿಸಿದರು. ಅವರಲ್ಲಿ 33 ಜನರಿಗೆ ಮಧ್ಯಬೆನ್ನಿನ ಡಿಸ್ಕ್ ಹೊರಗೆ ಬಂದಿತ್ತು. 26 ಜನರಲ್ಲಿ ಬೆನ್ನುಹುರಿಯ ಆಕಾರವೇ ಸ್ವಲ್ಪ ಒತ್ತಿದಂತೆ ಕಾಣುತ್ತಿತ್ತು. ಅವರೆಲ್ಲ ಎಂದಿನಂತೆ ಓಡಾಡಿಕೊಂಡಿದ್ದವರೇ. ಎಂಆರ್‌ಐ ಯಂತ್ರ ಚಿತ್ರ ತೆಗೆಯುತ್ತದೆ, ನೋವು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ವಯಸ್ಸಿಗೆ ತಲೆಕೂದಲು ನೆರೆಯುತ್ತದೆ, ಡಿಸ್ಕೂ ನೆರೆಯುತ್ತದೆ. ರಿಪೋರ್ಟ್ ನೋಡಿ ಯಾರೂ ಆಪರೇಷನ್ ಮಾಡಬಾರದು, ಮನುಷ್ಯನನ್ನು ನೋಡಿ ಮಾಡಬೇಕು.

ಮನುಷ್ಯನಲ್ಲಿ ಏನು ನೋಡುತ್ತೇವೆ? ಮೊದಲು ನೋವು. ಮಧ್ಯಬೆನ್ನಿನ ಪ್ರತಿ ಮಣಿಯ ಪಕ್ಕದಿಂದ ಒಂದೊಂದು ನರ ಹೊರಟು ಪಕ್ಕೆಲುಬಿನ ಜಾಡು ಹಿಡಿದು ಮುಂದಕ್ಕೆ ಬರುತ್ತದೆ. ನಾಲ್ಕನೆಯದು ಎದೆತೊಟ್ಟಿನ ಮಟ್ಟಕ್ಕೆ, ಹತ್ತನೆಯದು ಹೊಕ್ಕುಳ ಮಟ್ಟಕ್ಕೆ. ಹಾಗಾಗಿ ಡಿಸ್ಕ್ ಒತ್ತಿದಾಗ ಬೆನ್ನಿನಿಂದ ಎದೆಗೋ ಹೊಟ್ಟೆಗೋ ಬಿಗಿಯಾಗಿ ಪಟ್ಟಿ ಕಟ್ಟಿದ ಹಾಗೆ ಸುತ್ತಿಕೊಂಡು ನೋಯಬಹುದು. ನಮ್ಮವರು ಅದಕ್ಕೆಲ್ಲ ಗ್ಯಾಸ್ ಎಂದು ಹೆಸರಿಟ್ಟು ಜೀರಿಗೆ ಕಷಾಯ ಕುಡಿಯುತ್ತಾರೆ. ಕಷಾಯ ಕುಡಿಯಿರಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎದೆ ಹಿಂಡಿದ ಹಾಗೆ ನೋವು, ಬೆವರು, ಏದುಸಿರು ಬಂದರೆ ಅದು ಗ್ಯಾಸೂ ಅಲ್ಲ ಡಿಸ್ಕೂ ಅಲ್ಲ, ಹೃದಯ ಎಂದೇ ತಿಳಿದು 911ಕ್ಕೆ ಫೋನ್ ಮಾಡಿಸಬೇಕು. ಡಿಸ್ಕ್ ಯೋಚನೆ ಆಮೇಲೆ. ಇದೇ ಪಟ್ಟಿಯಂಥ ಉರಿ ಸರ್ಪಸುತ್ತಿನಲ್ಲೂ ಬರುತ್ತದೆ. ಗುಳ್ಳೆ ಏಳುವುದಕ್ಕೆ ಎರಡು ಮೂರು ದಿನ ಮುಂಚೆ ಬರೀ ನೋವಿರುತ್ತದೆ. ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು ಕೂಡ ಬೆನ್ನಿಗೆ ಎಳೆಯುತ್ತವೆ. ಹಾಗಾಗಿ ಮಧ್ಯಬೆನ್ನಿನ ನೋವಿನಲ್ಲಿ ಡಿಸ್ಕ್ ಮೇಲಿನ ಅನುಮಾನ ನಮಗೆ ಕೊನೆಗೆ ಬರುವುದು.

ಅದಕ್ಕಿಂತ ಮುಂಚೆ ನಾವು ಹುಡುಕುವವು ಬೇರೆ ಇವೆ. ಮೂಳೆ ಸವೆದ ಅಮ್ಮಂದಿರಿಗೆ ಸೂಟ್‌ಕೇಸ್ ಎತ್ತಿದ್ದಕ್ಕೆ, ಮೊಮ್ಮಗುವನ್ನು ಕಾರ್ ಸೀಟಿನಿಂದ ತಿರುಚಿಕೊಂಡು ಎತ್ತಿದ್ದಕ್ಕೆ ಮಣಿ ಕುಸಿದು ಬಿರುಕು ಬಿಡಬಹುದು. ಸಂಜೆ ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದು, ಬೇರೆ ಸೋಂಕಿರಬಹುದು, ಎಲ್ಲಿಂದಲೋ ಹರಡಿದ ಕ್ಯಾನ್ಸರ್ ಇರಬಹುದು. ಟಿಬಿ ನಮ್ಮ ದೇಶದಲ್ಲಿ ಸಾಮಾನ್ಯ, ಇಲ್ಲಿನ ಯುವ ಡಾಕ್ಟರುಗಳು ಅದನ್ನು ಕಡಿಮೆ ನೋಡಿರುತ್ತಾರೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತು ಅಂದರೆ ಮುಚ್ಚಿಡದೆ ಹೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಬರೀ ನೋವು, ಕಾಲಿಗೆ ಏನೂ ಆಗಿಲ್ಲ ಅಂದರೆ ಮಧ್ಯಬೆನ್ನಿನ ಡಿಸ್ಕಿಗೆ ಆಪರೇಷನ್ ಬೇಕಾಗುವುದು ಬಹಳ ಕಡಿಮೆ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ಮಾತ್ರೆ, ಬಿಸಿ ಶಾಖ, ಫಿಸಿಯೋಥೆರಪಿ, ದಿನಾ ಒಂದಿಷ್ಟು ನಡಿಗೆ, ಇಷ್ಟರಲ್ಲೇ ಹೆಚ್ಚಿನವರಿಗೆ ತಡೆದುಕೊಳ್ಳುವ ಮಟ್ಟಕ್ಕೆ ಬರುತ್ತದೆ. ಹಾಸಿಗೆ ಹಿಡಿದು ಮಲಗುವುದರಿಂದ ಲಾಭವಿಲ್ಲ. ಮಾತ್ರೆ ವಿಚಾರದಲ್ಲಿ ಒಂದು ಮಾತು. ಊರಿನಿಂದ ತಂದ ಡೋಲೋ 650 ಮತ್ತು ಇಲ್ಲಿ ಸೊಸೆ ತಂದುಕೊಡುವ ಟೈಲೆನಾಲ್ ಒಂದೇ ಔಷಧಿ, ಹೆಸರು ಮಾತ್ರ ಬೇರೆ. ಅದನ್ನೂ ಇದನ್ನೂ ಸೇರಿಸಿ ನುಂಗಬೇಡಿ. ವಯಸ್ಸಾದವರಿಗೆ ದಿನಕ್ಕೆ ಒಟ್ಟು 3 ಗ್ರಾಂ ದಾಟಬಾರದು, ಲಿವರ್ ತೊಂದರೆ ಇದ್ದರೆ ಅದಕ್ಕಿಂತ ಕಡಿಮೆ. ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗಳನ್ನು ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರು ಅಥವಾ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ನಮ್ಮನ್ನು ಕೇಳದೆ ತೆಗೆದುಕೊಳ್ಳಬಾರದು. ಇನ್ನು ಬೆನ್ನು ತುಳಿಸಿಕೊಳ್ಳುವುದು, ಲಟಕ್ಕೆಂದು ತಿರುಗಿಸಿಕೊಳ್ಳುವುದು. ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಸಿಕೊಂಡರೆ ತೊಂದರೆಯಿಲ್ಲ, ತುಳಿತ ಮತ್ತು ತಿರುವು ಬೇಡವೇ ಬೇಡ. ಮಣಿ ಸವೆದಿದೆಯೋ, ಹುರಿ ಒತ್ತಿದೆಯೋ ತುಳಿಯುವವನಿಗೆ ಕಾಣುವುದಿಲ್ಲ.

ಈಗ ಹೆದರಬೇಕಾದವರ ಸರದಿ. ಹುರಿಗೆ ಒತ್ತಡ ಬಿದ್ದಾಗ ನೋವೇ ಇಲ್ಲದಿರಬಹುದು, ಇದನ್ನು ದಯವಿಟ್ಟು ಗಮನಿಸಿ. ಬರುವುದು ಕಾಲಿನ ತೊಂದರೆ. ಕಾಲು ಬಿಗಿಯುತ್ತದೆ, ಮರಗಟ್ಟಿದ ಹಾಗೆ ಆಗುತ್ತದೆ, ಹತ್ತಿಯ ಮೇಲೆ ನಡೆದ ಹಾಗೆ ಅನ್ನಿಸುತ್ತದೆ. ಚಪ್ಪಲಿ ಕಾಲಿನಿಂದ ಜಾರಿಹೋದದ್ದು ನಾಲ್ಕು ಹೆಜ್ಜೆ ಆದಮೇಲೆ ತಿಳಿಯುತ್ತದೆ. ಕಣ್ಣು ಮುಚ್ಚಿ ಮುಖಕ್ಕೆ ಸೋಪು ಹಚ್ಚುವಾಗ ಸಿಂಕ್ ಹಿಡಿದುಕೊಳ್ಳಬೇಕಾಗುತ್ತದೆ. ಸ್ನಾನ ಮಾಡುವಾಗ ಅದೇ ಬಿಸಿನೀರು ಎದೆಗೆ ಸುಡುತ್ತದೆ, ತೊಡೆಗೆ ಉಗುರುಬೆಚ್ಚಗೆ. ಮೆಟ್ಟಿಲು ಇಳಿಯಲು ಭಯ. ಮೂತ್ರಕ್ಕೆ ಬಂದರೆ ತಡೆಯಲಾಗುವುದಿಲ್ಲ, ಅಥವಾ ಹೋದರೂ ಪೂರ್ತಿ ಬರುವುದಿಲ್ಲ. ಗಂಡಸರು ಇದನ್ನು ಪ್ರಾಸ್ಟೇಟ್ ಅನ್ನುತ್ತಾರೆ, ಹೆಂಗಸರು ವಯಸ್ಸು ಅನ್ನುತ್ತಾರೆ. ಇರಬಹುದು. ಆದರೆ ಕಾಲಿನ ತೊಂದರೆ ಮತ್ತು ಮೂತ್ರದ ತೊಂದರೆ ಜೊತೆಜೊತೆಯಲ್ಲಿ ಶುರುವಾದರೆ ಬೆನ್ನುಹುರಿಯನ್ನು ನೋಡಲೇಬೇಕು.

ಇಂಥ ಕಾಲಿಗೆಲ್ಲ ಮಧ್ಯಬೆನ್ನಿನ ಡಿಸ್ಕೇ ಕಾರಣ ಎಂದಲ್ಲ. ಕುತ್ತಿಗೆಯಲ್ಲಿ ಹುರಿ ಒತ್ತಿ ಹೀಗಾಗುವುದು ಇದಕ್ಕಿಂತ ಎಷ್ಟೋ ಹೆಚ್ಚು. ಬಿ12 ಕೊರತೆಯಿಂದಲೂ ಹೀಗೇ ಆಗುತ್ತದೆ. ಜೀವನವಿಡೀ ಸಸ್ಯಾಹಾರಿಗಳಾದ ನಮ್ಮ ಹಿರಿಯರಲ್ಲಿ, ಅದರಲ್ಲೂ ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಈ ಕೊರತೆ ಸಾಮಾನ್ಯ. ಅದನ್ನು ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು, ಇಂಜೆಕ್ಷನ್ನಿನಲ್ಲಿ ತುಂಬಬಹುದು. ಕಾಲು ತೂರಾಡುತ್ತದೆ ಎಂದು ಸೊಂಟದ ಎಂಆರ್‌ಐ ಮಾತ್ರ ಮಾಡಿಸಿ, ಏನೂ ಇಲ್ಲ ಎಂದು ಮನೆಗೆ ಕಳಿಸುವುದನ್ನು ಇಲ್ಲೂ ನೋಡಿದ್ದೇನೆ, ಊರಿನಲ್ಲೂ ನೋಡಿದ್ದೇನೆ. ಸೊಂಟದ ಚಿತ್ರದಲ್ಲಿ ಎದೆಯ ಹಿಂದಿನ ಹುರಿಯ ಬಹುಭಾಗ ಬರುವುದೇ ಇಲ್ಲ. ‘ಕುತ್ತಿಗೆ ಮತ್ತು ಮಧ್ಯಬೆನ್ನನ್ನೂ ನೋಡಬೇಕೇ’ ಎಂದು ನೀವೇ ಕೇಳಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೂ ಕೇಳಿ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬಿಪಿ ನೋಡಿಸಿಕೊಳ್ಳಲು ಬಂದಿದ್ದರು. ಎದ್ದು ಹೋಗುವಾಗ ಟೇಬಲ್ ಹಿಡಿದು, ಆಮೇಲೆ ಕುರ್ಚಿ ಹಿಡಿದು, ಆಮೇಲೆ ಗೋಡೆ ಹಿಡಿದು ಹೋಗುತ್ತಿದ್ದರು. ‘ಎಷ್ಟು ದಿನದಿಂದ ಹೀಗೆ ಅಮ್ಮಾ?’ ಎಂದೆ. ‘ನಾಲ್ಕು ತಿಂಗಳಾಯ್ತೇನೋ. ಇನ್ನೆರಡು ತಿಂಗಳಲ್ಲಿ ಊರಿಗೆ ಹೋಗ್ತೀನಲ್ಲ, ಅಲ್ಲೇ ತೋರಿಸ್ಕೋತೀನಿ. ಮಗಳಿಗೆ ಹೇಳಬೇಡಿ, ಪಾಪ, ಅವಳಿಗೆ ಆಫೀಸು, ಮಗು, ಸಾಕಾಗಿದೆ’ ಅಂದರು. ನೀವು ಬೇಡವೆಂದರೆ ನಾನು ಹೇಳುವುದಿಲ್ಲ, ಅದು ನಮ್ಮ ವೃತ್ತಿಯ ನಿಯಮ. ಆದರೆ ನೀವೇ ಇವತ್ತು ರಾತ್ರಿ ಊಟಕ್ಕೆ ಮುಂಚೆ ಹೇಳಬೇಕು ಎಂದೆ. ಹೇಳಿದರು. ಎಂಆರ್‌ಐಯಲ್ಲಿ ಒಂಬತ್ತು ಹತ್ತನೆಯ ಮಣಿಯ ನಡುವಿನ ಡಿಸ್ಕ್ ಹುರಿಯನ್ನು ಅಂಚಿಗೆ ತಳ್ಳಿತ್ತು, ಸಿಟಿ ಸ್ಕ್ಯಾನಿನಲ್ಲಿ ಅದು ಕಲ್ಲಾಗಿದ್ದು ಕಂಡಿತು. ಆಪರೇಷನ್ ಆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ, ತಮ್ಮ ಬಾತ್‌ರೂಮಿಗೆ ತಾವೇ ಹೋಗುತ್ತಾರೆ. ಕಾಲಿನ ಜೋಮು ಪೂರ್ತಿ ಹೋಗಿಲ್ಲ. ನಾಲ್ಕು ತಿಂಗಳು ಮುಂಚೆ ಹೇಳಿದ್ದರೆ ಹೋಗುತ್ತಿತ್ತೋ ಏನೋ, ಅದನ್ನು ಯಾರೂ ಖಚಿತವಾಗಿ ಹೇಳಲಾರರು. ಆಪರೇಷನ್‌ಗೆ ಮುಂಚೆ ಕಾಲು ಎಷ್ಟು ಗಟ್ಟಿಯಿರುತ್ತದೋ ಆಮೇಲೂ ಅಷ್ಟು ಚೆನ್ನಾಗಿರುವ ಸಾಧ್ಯತೆ ಹೆಚ್ಚು, ಅಷ್ಟು ಮಾತ್ರ ಹೇಳಬಲ್ಲೆ.

‘ಬೆನ್ನಿನ ಆಪರೇಷನ್ ಮಾಡಿಸಿಕೊಂಡರೆ ಕಾಲು ಬಿದ್ದುಹೋಗುತ್ತದೆ’ ಎಂಬ ಮಾತು ನಮ್ಮ ಊರುಗಳಲ್ಲಿ ಎಲ್ಲರ ಬಾಯಲ್ಲೂ ಇದೆ. ಅದನ್ನು ಮೂಢನಂಬಿಕೆ ಎಂದು ನಾನು ನಗುವುದಿಲ್ಲ. ಮಧ್ಯಬೆನ್ನಿನ ಮಟ್ಟಿಗೆ ಒಂದು ಕಾಲಕ್ಕೆ ಆ ಭಯಕ್ಕೆ ಆಧಾರವಿತ್ತು. ಸೊಂಟದ ಡಿಸ್ಕ್ ತೆಗೆದರೆ ಕಾಲುನೋವು ಹೋಗುತ್ತದೆ ಎಂದು ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ಇಬ್ಬರು ವೈದ್ಯರು 1934ರಲ್ಲಿ ತೋರಿಸಿಕೊಟ್ಟರು. ಹಿಂದಿನಿಂದ ಮೂಳೆಯ ಚಾವಣಿ ತೆಗೆದು, ನರವನ್ನು ಪಕ್ಕಕ್ಕೆ ಸರಿಸಿ, ಡಿಸ್ಕ್ ತೆಗೆಯುವ ವಿಧಾನ ಅದು. ಅದೇ ವಿಧಾನವನ್ನು ಮಧ್ಯಬೆನ್ನಿಗೂ ಬಳಸಿದರು. ಆದರೆ ಅಲ್ಲಿ ಸರಿಸಬೇಕಾದದ್ದು ನರವಲ್ಲ, ಹುರಿ. ಮೊದಲೇ ಒತ್ತಿ ಬಡವಾದ ಹುರಿಯನ್ನು ಇನ್ನಷ್ಟು ಒತ್ತಿದ ಹಾಗಾಯಿತು. ನಡೆದುಕೊಂಡು ಬಂದ ಎಷ್ಟೋ ಜನ ಆಪರೇಷನ್ ಆದಮೇಲೆ ನಡೆಯಲಾಗದೆ ಉಳಿದರು.

ದೇವರಮನೆಯಲ್ಲಿ ಉರಿಯುವ ದೀಪದ ಹಿಂದೆ ಏನೋ ಬಿದ್ದಿದೆ ಅಂದುಕೊಳ್ಳಿ. ದೀಪದ ಮೇಲೆ ಕೈಚಾಚಿ ತೆಗೆಯಲು ಹೋದರೆ ಸೆರಗಿಗೆ ಬೆಂಕಿ. ಪಕ್ಕದಿಂದ ಕೈ ಹಾಕಿದರೆ ದೀಪ ಅಲುಗುವುದೂ ಇಲ್ಲ. ಸರ್ಜನ್ನರು ಕಲಿತದ್ದೂ ಇದನ್ನೇ. 1960ರಲ್ಲಿ ಹ್ಯೂಮ್ ಎಂಬ ವೈದ್ಯರು ಪಕ್ಕೆಲುಬಿನ ಬುಡವನ್ನು ತೆಗೆದು ಪಕ್ಕದಿಂದ ಡಿಸ್ಕ್ ತಲುಪುವ ದಾರಿಯನ್ನು ವಿವರಿಸಿದರು. 1969ರಲ್ಲಿ ಎದೆಯ ಗೂಡಿನ ಮೂಲಕವೇ ಮುಂದಿನಿಂದ ತಲುಪಿದ ವರದಿಗಳು ಬಂದವು. 1990ರ ದಶಕದಲ್ಲಿ ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಮಾಡುವುದು ಶುರುವಾಯಿತು. ಈಗ ಮಧ್ಯದಲ್ಲಿ ಕೂತ ಡಿಸ್ಕಿಗೆ ಹಳೆಯ ರೀತಿಯಲ್ಲಿ ನೇರ ಹಿಂದಿನಿಂದ ಹೋಗಿ ಹುರಿಯನ್ನು ಸರಿಸುವ ಆಪರೇಷನ್ನನ್ನು ತಿಳಿದವರು ಮಾಡುವುದಿಲ್ಲ. ಹಿಂದಿನಿಂದ ಹೋದರೂ ಓರೆಯಾಗಿ, ಮೂಳೆಯ ಪಕ್ಕದ ಭಾಗವನ್ನು ಸವೆಸಿಕೊಂಡು, ಹುರಿಯನ್ನು ಮುಟ್ಟದೆ ಹೋಗುತ್ತಾರೆ.

ಯಾವ ದಾರಿ ಎಂಬುದು ಡಿಸ್ಕ್ ಎಲ್ಲಿ ಕೂತಿದೆ, ಮೆತ್ತಗಿದೆಯೋ ಕಲ್ಲಾಗಿದೆಯೋ ಎಂಬುದರ ಮೇಲೆ ನಿಂತಿದೆ. ಒಂದು ಪಕ್ಕಕ್ಕೆ ಬಂದ ಮೆತ್ತನೆಯ ಡಿಸ್ಕ್ ಆದರೆ ಹಿಂದಿನಿಂದ ಓರೆಯಾಗಿ, ಚಿಕ್ಕ ಗಾಯದಲ್ಲಿ ಮುಗಿಯಬಹುದು. ಮಧ್ಯದಲ್ಲಿ ದೊಡ್ಡದಾಗಿ ಕಲ್ಲಾಗಿ ಕೂತದ್ದಾದರೆ ಪಕ್ಕೆಲುಬುಗಳ ನಡುವಿನಿಂದ, ಎದೆಯ ಬದಿಯಿಂದ ಹೋಗಬೇಕಾಗುತ್ತದೆ. ಆಗ ಶ್ವಾಸಕೋಶವನ್ನು ಪೊರೆಯ ಸಮೇತ ಮೆಲ್ಲಗೆ ಸರಿಸುತ್ತಾರೆ, ಅಥವಾ ಆ ಬದಿಯ ಶ್ವಾಸಕೋಶಕ್ಕೆ ಸ್ವಲ್ಪ ಹೊತ್ತು ಗಾಳಿ ನಿಲ್ಲಿಸಿ ಇನ್ನೊಂದರಿಂದ ಉಸಿರಾಡಿಸುತ್ತಾರೆ. ಅದಕ್ಕೇ ಆಸ್ತಮಾ, ಬೀಡಿ ಸಿಗರೇಟು, ಹಳೆಯ ಟಿಬಿ, ಹೃದಯದ ಸ್ಟೆಂಟ್ ಇವನ್ನೆಲ್ಲ ಮೊದಲೇ ಕೇಳುವುದು. ವಾಟ್ಸ್ಯಾಪಿನಲ್ಲಿ ಬರುವ ‘ಲೇಸರ್, ಒಂದೇ ಹೊಲಿಗೆ, ಸಂಜೆಗೆ ಮನೆಗೆ’ ಜಾಹೀರಾತುಗಳನ್ನು ನಾನೂ ನೋಡುತ್ತೇನೆ. ಸಣ್ಣ ತೂತಿನ ವಿಧಾನಗಳು ಸುಳ್ಳಲ್ಲ, ಸರಿಯಾದ ಡಿಸ್ಕಿಗೆ ಒಳ್ಳೆಯವೇ. ಆದರೆ ಹುರಿಗೆ ಅಂಟಿದ ಕಲ್ಲಿಗೆ ಲೇಸರ್ ಉತ್ತರವಲ್ಲ.

ಆಪರೇಷನ್ ಕೋಣೆಯಲ್ಲಿ ಮೊದಲ ದೊಡ್ಡ ಕೆಲಸ ಎಣಿಸುವುದು. ನಗಬೇಡಿ. ಸೊಂಟದಲ್ಲಿ ಐದೇ ಮಣಿ, ಬುಡದಿಂದ ಎಣಿಸಿದರೆ ಸುಲಭ. ಮಧ್ಯಬೆನ್ನಿನಲ್ಲಿ ಎಲ್ಲ ಮಣಿಗಳೂ ಅಣ್ಣತಮ್ಮಂದಿರ ಹಾಗೆ ಒಂದೇ ಥರ ಕಾಣುತ್ತವೆ. ಕೆಲವರಿಗೆ ಹುಟ್ಟಿನಿಂದಲೇ ಒಂದು ಪಕ್ಕೆಲುಬು ಹೆಚ್ಚು ಅಥವಾ ಕಡಿಮೆ. ತಪ್ಪು ಮಣಿಗೆ ಕೈಹಾಕಬಾರದೆಂದು ಎಕ್ಸ್‌ರೇ ಹಿಡಿದು ಮೇಲಿನಿಂದಲೋ ಕೆಳಗಿನಿಂದಲೋ ಎಣಿಸುತ್ತಾರೆ. ಕೆಲವರು ಮುಂಚೆಯೇ ಆ ಮಣಿಗೆ ಚಿಕ್ಕ ಲೋಹದ ಗುರುತು ಹಾಕಿಸುತ್ತಾರೆ. ‘ಮಣಿಯನ್ನು ಹೇಗೆ ಗುರುತಿಸುತ್ತೀರಿ’ ಎಂದು ಸರ್ಜನ್ನರನ್ನು ಕೇಳಿ, ಒಳ್ಳೆಯ ಸರ್ಜನ್ನರಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ. ಆಪರೇಷನ್ ನಡೆಯುವಷ್ಟು ಹೊತ್ತೂ ಕೈಕಾಲುಗಳಿಗೆ ಅಂಟಿಸಿದ ತಂತಿಗಳಿಂದ ಹುರಿಯಲ್ಲಿ ಸಂದೇಶ ಹರಿಯುತ್ತಿದೆಯೇ ಎಂದು ಒಬ್ಬರು ಕೂತು ನೋಡುತ್ತಿರುತ್ತಾರೆ. ಹುರಿಗೆ ರಕ್ತ ಕಡಿಮೆಯಾಗಬಾರದೆಂದು ಬಿಪಿ ಇಳಿಯದ ಹಾಗೆ ಅರಿವಳಿಕೆಯವರು ಕಾಯುತ್ತಾರೆ. ಸರ್ಜನ್ನರು ಡಿಸ್ಕಿನ ಮುಂದೆ, ಮಣಿಯ ಮೂಳೆಯಲ್ಲಿ ಸಣ್ಣ ಗುಳಿ ಕೊರೆದು, ಹುರಿಯನ್ನು ಒತ್ತಿದ ಕಲ್ಲನ್ನು ಆ ಗುಳಿಗೆ ಎಳೆದುಕೊಂಡು ಚೂರು ಚೂರಾಗಿ ತೆಗೆಯುತ್ತಾರೆ. ಹುರಿಯ ಕಡೆಗೆ ಏನನ್ನೂ ತಳ್ಳುವುದಿಲ್ಲ. ಹೊದಿಕೆಗೆ ಗಟ್ಟಿಯಾಗಿ ಅಂಟಿದ ತೆಳು ಪದರವಿದ್ದರೆ ಅದನ್ನು ಅಲ್ಲೇ ಬಿಡುವುದೂ ಉಂಟು, ಅದು ಜಾಣತನವೇ. ಮೂಳೆ ಹೆಚ್ಚು ತೆಗೆದಿದ್ದರೆ ಸ್ಕ್ರೂ, ಸಲಾಕೆ ಹಾಕಿ ಬಿಗಿಯುತ್ತಾರೆ, ಎಲ್ಲರಿಗೂ ಅದು ಬೇಕಿಲ್ಲ.

ಅಪಾಯ ಇಲ್ಲವೇ? ಇದೆ. ಕಾಲಿನ ಶಕ್ತಿ ಇನ್ನೂ ಕಡಿಮೆಯಾಗುವುದು, ಹುರಿಯ ಸುತ್ತಲಿನ ನೀರು ಸೋರುವುದು, ಸೋಂಕು, ನ್ಯುಮೋನಿಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಗಾಯದ ಮಟ್ಟದ ಪಕ್ಕೆಲುಬಿನ ಉದ್ದಕ್ಕೂ ತಿಂಗಳುಗಟ್ಟಲೆ ಉರಿ. ಇವು ಹೆಚ್ಚಿನವರಿಗೆ ಆಗುವುದಿಲ್ಲ, ಯಾರಿಗೂ ಆಗುವುದಿಲ್ಲ ಎಂದು ಹೇಳುವವರನ್ನು ನಂಬಬೇಡಿ. ಇನ್ನೊಂದು ತಕ್ಕಡಿಯಲ್ಲಿ ಆಪರೇಷನ್ ಮಾಡಿಸದಿರುವ ಅಪಾಯ ಇದೆ. ಕಾಲು ದಿನೇ ದಿನೇ ಸೋಲುತ್ತಿದ್ದರೆ ಆ ತಕ್ಕಡಿಯೇ ಭಾರ. ಕಾಲು ನೆಟ್ಟಗಿದ್ದು ಬರೀ ನೋವಿದ್ದರೆ ಈ ತಕ್ಕಡಿ ಭಾರ. ಎಪ್ಪತ್ತೈದು ದಾಟಿತು, ಇನ್ನು ಯಾಕೆ ಎಂದು ಕೆಲವರು ಕೇಳುತ್ತಾರೆ. ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಶ್ವಾಸಕೋಶ, ಶುಗರ್ ಹಿಡಿತದಲ್ಲಿವೆಯೇ ಎಂಬುದು ಮುಖ್ಯ. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತರಹದ ಮಾತ್ರೆ ಇದ್ದರೆ ಹೇಳಿ, ಆದರೆ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಎದೆಯ ಬದಿಯಿಂದ ಮಾಡಿದ್ದರೆ ಎಚ್ಚರವಾದಾಗ ಪಕ್ಕೆಯಲ್ಲಿ ಒಂದು ಕೊಳವೆ ಇರಬಹುದು, ಒಂದೆರಡು ದಿನಕ್ಕೆ ತೆಗೆಯುತ್ತಾರೆ. ಹುರಿಯ ಹೊದಿಕೆ ಸೋರುತ್ತಿಲ್ಲದಿದ್ದರೆ ಸಾಮಾನ್ಯವಾಗಿ ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ನಡೆಸುತ್ತಾರೆ. ಇಲ್ಲಿನ ನರ್ಸುಗಳು ಕರುಣೆಯಿಲ್ಲದವರು ಅನ್ನಿಸುತ್ತದೆ. ಅದು ಕರುಣೆಯೇ, ಮಲಗಿದಷ್ಟೂ ಕಫ ಕಟ್ಟುತ್ತದೆ. ಉಸಿರು ಎಳೆಯಲು ಕೊಡುವ ಪ್ಲಾಸ್ಟಿಕ್ ಸಾಮಾನನ್ನು ಮೊಮ್ಮಕ್ಕಳಿಗೆ ಆಟಕ್ಕೆ ಕೊಡದೆ ಗಂಟೆಗೆ ಹತ್ತು ಸಲ ಎಳೆಯಿರಿ. ಕಾಲಿನ ಸುಧಾರಣೆ ನಿಧಾನ, ತಿಂಗಳುಗಳ ಲೆಕ್ಕ, ಒಂದು ವರ್ಷದವರೆಗೂ ಆಗುತ್ತಿರಬಹುದು. ಇದ್ದದ್ದು ಕೆಡದಂತೆ ನಿಲ್ಲಿಸುವುದು ಆಪರೇಷನ್ನಿನ ಮೊದಲ ಗುರಿ. ಅನೇಕರಿಗೆ ಅದಕ್ಕಿಂತ ಹೆಚ್ಚೇ ಸಿಗುತ್ತದೆ.

ಈಗ ಎಲ್ಲರ ಮನಸ್ಸಿನಲ್ಲಿರುವ ದುಡ್ಡಿನ ವಿಷಯ. ಇಲ್ಲಿನ ಮೆಡಿಕೇರ್ ವಿಸಿಟರ್ ವೀಸಾದಲ್ಲಿ ಬಂದವರಿಗೆ ಇಲ್ಲ. ವಿಸಿಟರ್ ಇನ್ಶೂರೆನ್ಸಿನ ಹೆಚ್ಚಿನ ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡುವುದಿಲ್ಲ. ಮೊದಲಿದ್ದದ್ದು ಹಠಾತ್ತಾಗಿ ಉಲ್ಬಣಿಸಿದರೆ ಒಂದು ಮಿತಿಯವರೆಗೆ ಕೊಡುವ ಪಾಲಿಸಿಗಳಿವೆ, ಅದಕ್ಕೂ ಷರತ್ತುಗಳಿವೆ. ಆ ಕಾಗದವನ್ನು ಮಗನ ಹತ್ತಿರ ಇವತ್ತೇ ಒಮ್ಮೆ ಓದಿಸಿ. ಆದರೆ 1986ರಿಂದ ಈ ದೇಶದಲ್ಲಿ ಒಂದು ಕಾನೂನಿದೆ. ತುರ್ತು ವಿಭಾಗಕ್ಕೆ ಬಂದವರನ್ನು, ಇನ್ಶೂರೆನ್ಸ್ ಇರಲಿ ಇಲ್ಲದಿರಲಿ, ಯಾವ ದೇಶದವರೇ ಆಗಲಿ, ಪರೀಕ್ಷಿಸಿ, ತುರ್ತು ಸ್ಥಿತಿ ಇದ್ದರೆ ಅದನ್ನು ಹತೋಟಿಗೆ ತರಲೇಬೇಕು. ಬಿಲ್ ಆಮೇಲೆ ಬರುತ್ತದೆ, ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬಿಲ್ ಬಂದಾಗ ಆಸ್ಪತ್ರೆಯ ಹಣಸಹಾಯ ವಿಭಾಗಕ್ಕೆ ಅರ್ಜಿ ಹಾಕಬಹುದು, ಕಂತು ಕೇಳಬಹುದು, ಚೌಕಾಸಿಯನ್ನೂ ಮಾಡಬಹುದು.

ಇಲ್ಲಿ ಮಾಡಿಸಬೇಕೋ ಊರಿನಲ್ಲೋ? ಇದಕ್ಕೆ ನನ್ನ ಉತ್ತರ ಕಾಲು ಎಷ್ಟು ಬೇಗ ಸೋಲುತ್ತಿದೆ ಎಂಬುದರ ಮೇಲೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಕಾಲು ಬಲ ಕಳೆದುಕೊಂಡರೆ, ಮೂತ್ರ ಕಟ್ಟಿಕೊಂಡರೆ, ಗುದದ್ವಾರದ ಸುತ್ತ ಸ್ಪರ್ಶ ಹೋದರೆ ವಿಮಾನದ ಮಾತೇ ಬೇಡ, ಅವತ್ತೇ ಇಲ್ಲಿನ ಎಮರ್ಜೆನ್ಸಿಗೆ. ತಿಂಗಳುಗಟ್ಟಲೆಯಿಂದ ನಿಧಾನವಾಗಿ ಬರುತ್ತಿದ್ದರೆ, ಇಲ್ಲಿ ಒಮ್ಮೆ ಡಾಕ್ಟರು ಪರೀಕ್ಷಿಸಿ ಪ್ರಯಾಣ ಮಾಡಬಹುದು ಎಂದರೆ, ಟಿಕೆಟ್ ಮುಂದಕ್ಕೆ ಎಳೆದುಕೊಂಡು ಊರಿಗೆ ಹೋಗಿ ಮಾಡಿಸುವುದರಲ್ಲಿ ತಪ್ಪೇನಿಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ನುರಿತ ಸರ್ಜನ್ನರಿರುವ ಬೇರೆ ಆಸ್ಪತ್ರೆಗಳೂ ಇವೆ. ರಿಪೋರ್ಟಿನ ಕಾಗದ ಮಾತ್ರ ಸಾಲದು, ಚಿತ್ರಗಳಿರುವ ಸಿಡಿಯನ್ನೂ ಕೇಳಿ ಪಡೆದುಕೊಳ್ಳಿ. ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ತೆಗೆದುಕೊಳ್ಳಿ. ಎಲ್ಲಿಯೇ ಆಗಲಿ, ಸೊಂಟದ್ದಲ್ಲ, ಮಧ್ಯಬೆನ್ನಿನ ಡಿಸ್ಕ್ ಆಪರೇಷನ್ ಎಷ್ಟು ಮಾಡಿದ್ದೀರಿ ಎಂದು ಕೇಳಬೇಕು. ಇದು ಅಪರೂಪದ ಕೆಲಸ, ಎಲ್ಲರ ಕೈಗೂ ಪಳಗಿರುವುದಿಲ್ಲ. ಯಾವ ಬದಿಯಿಂದ ಹೋಗುತ್ತೀರಿ, ಯಾಕೆ, ಮಾಡಿಸದಿದ್ದರೆ ಮುಂದಿನ ಆರು ತಿಂಗಳಲ್ಲಿ ಏನಾಗಬಹುದು ಎಂದೂ ಕೇಳಿ. ತುರ್ತಿಲ್ಲದಿದ್ದರೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಪಡೆದರೆ ಮೊದಲನೆಯವರಿಗೆ ಅವಮಾನವಾಗುವುದಿಲ್ಲ.

ಆಸ್ಪತ್ರೆಯಲ್ಲಿ ಭಾಷೆಯ ತೊಂದರೆಯಾದರೆ ‘ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್’ ಎಂದು ಮೂರು ಪದ ಹೇಳಿ ಸಾಕು. ಫೋನಿನಲ್ಲಿ ಕನ್ನಡದವರನ್ನು ಹುಡುಕಿ ಕೊಡುತ್ತಾರೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ಮೂತ್ರ, ಮಲದ ವಿಷಯವನ್ನು ಹತ್ತು ವರ್ಷದ ಮೊಮ್ಮಗಳ ಬಾಯಿಂದ ಡಾಕ್ಟರಿಗೆ ಹೇಳಿಸುವ ಸಂಕೋಚ ನಿಮಗೂ ಬೇಡ, ಆ ಮಗುವಿಗೂ ಬೇಡ.

ಊಟಕ್ಕೆ ಕರೆಯುತ್ತಿದ್ದಾರೆ. ಹೋಗುವ ಮುಂಚೆ, ಕಾಲಿನ ಬಗ್ಗೆ ಒಂದಿಷ್ಟಾದರೂ ಅನುಮಾನ ಇರುವವರು ಬಿಪಿ ಟೇಬಲ್ಲಿನ ಪಕ್ಕದ ಸಾಲಿಗೆ ಬನ್ನಿ. ನೆಲದ ಮೇಲೆ ಟೇಪು ಅಂಟಿಸಿದ್ದೇವೆ. ಅದರ ಮೇಲೆ ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಹೆಜ್ಜೆ ನಡೆಯಬೇಕು, ಪಕ್ಕದಲ್ಲಿ ಹಿಡಿದುಕೊಳ್ಳಲು ಇಬ್ಬರು ಹುಡುಗರು ನಿಂತಿರುತ್ತಾರೆ. ಆಮೇಲೆ ಅಂಗಾಲಿಗೆ ಒಂದು ಗೀರು ಎಳೆದು ನೋಡುತ್ತೇನೆ, ಕಚಗುಳಿಯಾಗಬಹುದು. ಸಾಕ್ಸ್ ತೆಗೆದು ಬಂದರೆ ಬೇಗ ಮುಗಿಯುತ್ತದೆ. ನೀವು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.